ಮೆತ್ತಗಿನ ಹಳೆ ಸೀರೆ ಇದ್ದರೆ ಕಳಿಸಿ

ನಮ್ಮ ಕಡೆ ಒಂದು ಮನೆಯವರು ನೆಂಟರ ಹತ್ತಿರ ಹಳೆ ಸೀರೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಆ ಮನೆಗೆ ಮಗು ಬರಲಿಕ್ಕಿದೆ. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಬಾಳಿ ಬದುಕಿದ ಹೆಂಗಸರು ಉಟ್ಟು, ಒಗೆದು, ಒಗೆದು ಮೆತ್ತಗಾದ ಸೀರೆಯನ್ನು ಹರಿದು ಅದರಲ್ಲಿ ಮಗುವನ್ನು ಸುತ್ತುತ್ತಾರೆ. ತೊಟ್ಟಿಲಿಗೆ ಹಾಸುವುದೂ ಅದೇ, ಬಾಣಂತಿಯ ಹೊಟ್ಟೆಗೆ ಕಟ್ಟುವುದೂ ಅದೇ. ಇದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಗಂಡಸರಲ್ಲಿ ಮಕ್ಕಳಾದವರಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ಮದುವೆಯಾಗದ, ಕ್ರೋಶಾ ಹೆಣಿಗೆಯ ಹುಚ್ಚು ಹತ್ತಿದ ಹುಡುಗನನ್ನು ಕೂರಿಸಿ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ?

ಕ್ರೋಶಾ ನನಗೆ ಹತ್ತಿದ್ದು ಕೆಲಸದ ಜಾಗದಲ್ಲಿ. ನಾನು ಪುತ್ತೂರಿನಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಬ್ಯಾಂಕಿನ ಅರ್ಜಿ, ಎಲ್ಲ. ಜನ ಇಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡುತ್ತ ಕೂತಾಗ ಯಾರೋ ಒಬ್ಬರ ಕೈ ಮಾತ್ರ ಕಾಣುವ ವೀಡಿಯೊ ಬಂತು. ತುದಿಯಲ್ಲಿ ಕೊಕ್ಕೆ ಇರುವ ಒಂದೇ ಒಂದು ಕಡ್ಡಿ. ಕುಣಿಕೆಯ ಒಳಗಿಂದ ನೂಲು ಎಳೆದರೆ ಮತ್ತೊಂದು ಕುಣಿಕೆ, ಅದರ ಒಳಗಿಂದ ಮತ್ತೊಂದು. ಅಷ್ಟೇ. ಅಷ್ಟರಲ್ಲೇ ಒಂದು ಹೂ ಆಗಿಬಿಟ್ಟಿತು. ನಾನು ಆ ವೀಡಿಯೊವನ್ನು ಎಷ್ಟು ಸಲ ನೋಡಿದೆನೆಂದರೆ, ಆ ಕೈಯ ಉಗುರಿನ ಬಣ್ಣ ಎಲ್ಲಿ ಕಿತ್ತುಹೋಗಿತ್ತು ಎಂದು ಈಗಲೂ ಹೇಳಬಲ್ಲೆ.

ಅಮ್ಮನ ಹೊಲಿಗೆ ಡಬ್ಬಿಯಲ್ಲಿ ಒಂದು ಸಪೂರದ ಸ್ಟೀಲಿನ ಕ್ರೋಶಾ ಕಡ್ಡಿ ಇತ್ತು. ಕದ್ದೆ. ಮೊದಲು ಹತ್ತಿ ನೂಲಿನಲ್ಲಿ ಏನೇನೋ ಮಾಡಿದೆ, ಅದು ಏನೆಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಆಮೇಲೆ ಒಂದು ದಿನ ಹಳೆ ಪಟ್ಟೆ ಸೀರೆಗಳಿಂದ ಮಾಡಿದ ನೂಲು ಕಣ್ಣಿಗೆ ಬಿತ್ತು. ರೇಷ್ಮೆಗೆ ನಾವು ಪಟ್ಟೆ ಎನ್ನುವುದು. ಒಂದು ಲಡಿ ತರಿಸಿದೆ. ಪೊಟ್ಟಣ ಬಿಡಿಸಿದಾಗ ಆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಒಂದು ಮಾರು ಕುಂಕುಮದ ಕೆಂಪು, ಮುಂದಿನ ಮಾರು ನವಿಲು ಹಸಿರು, ನಡುವೆ ಎಲ್ಲಿಂದಲೋ ಬಂದ ಒಂದು ಗೇಣು ಅರಸಿನ ಬಣ್ಣ. ಎಲ್ಲಿ ಯಾವ ಬಣ್ಣ ಬರುತ್ತದೆ ಎಂದು ಹೆಣೆಯುವವನಿಗೇ ಗೊತ್ತಿಲ್ಲ. ಯಾವ ಊರಿನ ಯಾವ ಹೆಂಗಸು ಯಾವ ಮದುವೆಗೆ ಉಟ್ಟ ಸೀರೆಯೋ, ನನ್ನ ಬೆರಳ ಸಂದಿಯಲ್ಲಿ ಹೋಗುತ್ತಿದೆ ಎಂದು ಯೋಚಿಸಿ ರೋಮಾಂಚನ ಆಗುತ್ತಿತ್ತು. ಆ ನೂಲಿಗೆ ಅಮ್ಮನ ಕಡ್ಡಿ ಸಾಲದು ಎಂದು ಬಿದಿರು ಕೆತ್ತಿ, ಮರಳು ಕಾಗದದಲ್ಲಿ ಉಜ್ಜಿ ದಪ್ಪದ ಕಡ್ಡಿ ನಾನೇ ಮಾಡಿಕೊಂಡೆ.

ಮಾಡಲು ಹೊರಟದ್ದು ಒಂದು ಉರುಟು ಚಾಪೆ. ಉರುಟಿಗೆ ಒಂದು ಲೆಕ್ಕ ಇದೆ. ಪ್ರತಿ ಸುತ್ತಿನಲ್ಲಿ ಕೆಲವು ಕುಣಿಕೆ ಹೆಚ್ಚಿಸುತ್ತ ಹೋಗಬೇಕು. ಹೆಚ್ಚಿಸಲು ಮರೆತರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ, ಜಾಸ್ತಿಯಾದರೆ ಕರಿದ ಹಪ್ಪಳದ ಹಾಗೆ ಅಲೆ ಏಳುತ್ತದೆ. ನನ್ನದು ಮೊದಲು ಬಟ್ಟಲಾಯಿತು, ಬಿಚ್ಚಿದೆ, ಹಪ್ಪಳವಾಯಿತು, ಬಿಚ್ಚಿದೆ. ಸರಿಯಾಗುವ ಹೊತ್ತಿಗೆ ಲಡಿ ಮುಗಿದಿತ್ತು, ಚಾಪೆ ಊಟದ ತಟ್ಟೆಯಷ್ಟು ಅಗಲ ಆಗಿತ್ತು. ನನಗೆ ಬೇಕಾದದ್ದು ಚಾವಡಿಯಲ್ಲಿ ನಾಲ್ಕು ಜನ ಕೂರುವಂಥ ಚಾಪೆ. ಇನ್ನಷ್ಟು ತರಿಸಲು ನನ್ನ ಸಂಬಳ ಒಪ್ಪಲಿಲ್ಲ. ಸೀರೆಯನ್ನು ಬೆರಳಗಲ ಹರಿದು ಮನೆಯಲ್ಲೇ ನೂಲು ಮಾಡುವುದನ್ನು ವೀಡಿಯೊ ನೋಡಿ ಕಲಿತೆ. ಇನ್ನು ಸೀರೆ ಬೇಕು.

ಇದೆಲ್ಲ ಉಪ್ಪರಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ಗಂಡು ಹುಡುಗ ಕಡ್ಡಿ ಹಿಡಿದು ಕೂತದ್ದು ಹೊರಗೆ ಗೊತ್ತಾದರೆ ನಮ್ಮ ನೆಂಟರಲ್ಲಿ, ಅದರಲ್ಲೂ ಆಲೆಟ್ಟಿಯಲ್ಲಿರುವ ಅತ್ತೆಯ ಮಗ ಭಾವನ ಬಾಯಲ್ಲಿ, ನನಗೆ ಮದುವೆಯಾಗಿ ಮಕ್ಕಳಾಗುವವರೆಗೂ ಆ ತಮಾಷೆ ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದದ್ದು ಅತ್ತಿಗೆಗೆ ಒಬ್ಬಳಿಗೆ. ಅಣ್ಣನ ಹೆಂಡತಿ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಬಂದವಳು ಬಾಗಿಲು ದೂಡಿದಳು, ನಾನು ಕಡ್ಡಿಯನ್ನು ದಿಂಬಿನ ಅಡಿಗೆ ತಳ್ಳುವಷ್ಟರಲ್ಲಿ ನೋಡಿದಳು.

"ಬಾಗಿಲು ಹಾಕಿ ಸಿಗರೇಟು ಸೇದ್ತಿ ಅಂತ ನಿನ್ನ ಅಮ್ಮ ದೇವರಿಗೆ ಹರಕೆ ಹೇಳಿದ್ದಾರೆ ಮಾರಾಯ. ಇದಾ?"

ಯಾರಿಗೂ ಹೇಳಬೇಡಿ ಎಂದೆ. ಹೇಳುವುದಿಲ್ಲ ಎಂದಳು. ಆಮೇಲೆ ಪಕ್ಕದಲ್ಲಿ ಕೂತು ಚಾಪೆಯನ್ನು ಅಂಗೈಯಲ್ಲಿ ಹರಡಿ, ಇದು ಯಾರ ಸೀರೆ ಇರಬಹುದು, ಇದು ಕಂಚಿಯ ಹಾಗೆ ಕಾಣುತ್ತದೆ, ಇದು ಪಕ್ಕಾ ನಕಲಿ ಎಂದು ಒಂದೊಂದು ಬಣ್ಣವನ್ನೂ ಮುಟ್ಟಿ ಹೇಳಿದಳು. ಅವತ್ತಿನಿಂದ ನನಗೆ ಮನೆಯಲ್ಲಿ ಒಬ್ಬರು ಸಿಕ್ಕಿದ ಹಾಗಾಯಿತು.

ಅಣ್ಣ ಅತ್ತಿಗೆಗೆ ಮದುವೆಯಾಗಿ ಕೆಲವು ವರ್ಷ ಕಳೆದಿತ್ತು. ಮಕ್ಕಳಿಲ್ಲ. ಮಂಗಳೂರಿನ ಆಸ್ಪತ್ರೆಗೆ ಇಬ್ಬರೂ ಹೋಗಿ ಬರುತ್ತಿದ್ದರು. ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ನೆಂಟರ ಮನೆಗೆ ಹೋದರೆ ಎತ್ತುತ್ತಾರೆ ಎಂದು ಅತ್ತಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಳು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಆ ಮೆಸೇಜ್ ಹಾಕಿದೆ.

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದು ಹೀಗೆ: "ಎಲ್ಲರಿಗೂ ನಮಸ್ಕಾರ. ಉಟ್ಟು ಮೆತ್ತಗಾದ ಹಳೆ ಸೀರೆ ಇದ್ದರೆ ದಯವಿಟ್ಟು ನಮ್ಮ ಮನೆಗೆ ಕಳಿಸಿ. ಪಟ್ಟೆ ಆದರೆ ಒಳ್ಳೆಯದು. ಎಂತಕ್ಕೆ ಎಂದು ಈಗ ಕೇಳಬೇಡಿ. ಕೆಲವು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ."

ದಿನವಿಡೀ ಬೇರೆಯವರ ಕಾಗದ ಟೈಪ್ ಮಾಡುವವನು ನಾನು. ಕಳಿಸುವ ಮೊದಲು ತಪ್ಪಿದೆಯಾ ಎಂದು ಮತ್ತೆ ಓದಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಕಾರಣ ಬರೆಯದೆ ಬಿಟ್ಟದ್ದು ನಾಚಿಕೆಯಿಂದ. ಚಾಪೆ ಪೂರ್ತಿಯಾದ ಮೇಲೆ ತೋರಿಸುವ, ಅಷ್ಟು ಚಂದದ್ದನ್ನು ಕಂಡ ಮೇಲೆ ಯಾರೂ ನಗಲಿಕ್ಕಿಲ್ಲ ಎಂಬ ಅಂದಾಜು. ಉತ್ತರಗಳು ಬಂದವು. ಹೂವಿನ ಚಿತ್ರ, ಕೈಮುಗಿದ ಚಿತ್ರ, ಎರಡು ದೀಪದ ಚಿತ್ರ. ಕಡಬದ ಚಿಕ್ಕಮ್ಮ "ದೇವರು ಒಳ್ಳೆದು ಮಾಡ್ಲಿ" ಎಂದು ಹಾಕಿದರು. ಸೀರೆ ಕೇಳಿದರೆ ದೇವರ ಹೆಸರು ಯಾಕೆ ಎಂದು ನನಗೆ ಹೊಳೆಯಲಿಲ್ಲ. ಒಬ್ಬರೂ ಕಾರಣ ಕೇಳಲಿಲ್ಲವಲ್ಲ ಎಂದು ಖುಷಿಯೇ ಆಯಿತು. ಎಷ್ಟು ಒಳ್ಳೆ ನೆಂಟರು ಎಂದುಕೊಂಡೆ.

ಸೀರೆಗಳು ಬರತೊಡಗಿದವು. ಕಡಬದ ಚಿಕ್ಕಮ್ಮನದ್ದು ಬಸ್ಸಿನಲ್ಲಿ ಬಂತು. ಕಂಡಕ್ಟರ್ ಅಂಗಡಿಯ ಎದುರು ಬಸ್ ನಿಧಾನ ಮಾಡಿಸಿ ಕಟ್ಟನ್ನು ಕೈಗೆ ಕೊಟ್ಟು, ಜಾಗ್ರತೆ, ಒಳ್ಳೆ ಸಾಮಾನಂತೆ ಎಂದು ನಕ್ಕರು. ನೆಲ್ಯಾಡಿಯಲ್ಲಿರುವ ಒಬ್ಬಳು ಅಕ್ಕ ತನ್ನದರ ಜೊತೆ ನೆರೆಮನೆಯ ಮಲಯಾಳಿ ಚೇಚಿಯ ಒಂದು ಅಂಚಿನ ಮುಂಡನ್ನೂ ಕಳಿಸಿದಳು. ಅವರ ಕಡೆ ಹೆಂಗಸರು ಉಡುವ ಬಿಳಿ ಪಂಚೆ, ಕೆನೆಯಷ್ಟು ಮೆತ್ತಗೆ. ಆ ಚೇಚಿ ನಮ್ಮನ್ನು ಒಂದು ಸಲವೂ ನೋಡಿದವರಲ್ಲ. ಆಲೆಟ್ಟಿ ಅತ್ತೆ ಮಾತ್ರ ಕೇಳಿದ ಹಾಗೆ ಪಟ್ಟೆಯನ್ನೇ ಕೊಟ್ಟರು, ನೇರಳೆ ಬಣ್ಣದ್ದು, ಮಡಿಕೆಯ ಗೆರೆಯಲ್ಲಿ ಬಿರುಕು ಬಿಟ್ಟದ್ದು. ಉಳಿದವರದ್ದೆಲ್ಲ ಹೆಚ್ಚಾಗಿ ಹತ್ತಿ. ಪಟ್ಟೆ ಎಂದು ಬರೆದರೂ ಹತ್ತಿ ಯಾಕೆ ಕಳಿಸಿದರು ಎಂದು ನನಗೆ ಸ್ವಲ್ಪ ಸಿಟ್ಟು ಬಂದದ್ದೂ ಹೌದು. ಪಟ್ಟೆ ಮಗುವಿನ ಮೈಗೆ ಚುಚ್ಚುತ್ತದೆ, ಹುಡುಗನಿಗೆ ತಿಳಿಯಲಿಲ್ಲ ಪಾಪ, ಎಂದು ಅವರು ಮಾತಾಡಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು.

ಒಂದು ಭಾನುವಾರ ಅತ್ತಿಗೆ ಮತ್ತು ನಾನು ಉಪ್ಪರಿಗೆಯಲ್ಲಿ ಸೀರೆ ಹರಿಯಲು ಕೂತೆವು. ಪಟ್ಟೆ ಹರಿಯುವ ಸದ್ದು ಒಂದು ಥರ ಖುಷಿ ಕೊಡುತ್ತದೆ. ಮೊದಲು ಕತ್ತರಿಯಲ್ಲಿ ಸಣ್ಣ ಕಚ್ಚು, ಆಮೇಲೆ ಎಳೆದರೆ ಪರ್ರ್ ಎಂದು ಈ ತುದಿಯಿಂದ ಆ ತುದಿಗೆ. ಒಂದು ತುದಿ ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಕಡಬದ ಕಟ್ಟು ಬಿಚ್ಚಿದಾಗ ಸೀರೆಯ ಮಡಿಕೆಯೊಳಗಿಂದ ಒಣಗಿದ ಬೇರಿನ ತುಂಡೊಂದು ಬಿತ್ತು. ಗಂಟು ಗಂಟಾಗಿತ್ತು, ಘಾಟು ವಾಸನೆ. ಅತ್ತಿಗೆ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. ಯಾರ ಕಟ್ಟು ಎಂದು ಕೇಳಿದಳು. ಹೇಳಿದೆ. ಅವಳು ಬೇರನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು.

"ಹುಳ ಬಾರದ ಹಾಗೆ ಇಟ್ಟದ್ದಾ ಅತ್ತಿಗೆ?"

"ಹೌದು. ಹುಳ ಬಾರದ ಹಾಗೆ."

ಬೇರನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಮತ್ತೆ ಸೀರೆಯ ತುದಿ ಹಿಡಿದಳು. ಎಳಿ ಎಂದಳು. ಎಳೆದೆ.

ಅವತ್ತಿನಿಂದ ಅವಳಿಗೆ ಫೋನು ಬಂದರೆ ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದಳು. ಒಂದು ಸಲ ನಾನು ಬೈಕ್ ಒರೆಸುತ್ತಿದ್ದಾಗ ಕೇಳಿಸಿತು, ಹಾಗೆಂತ ಇಲ್ಲ, ನಿಜವಾಗಿ ಇಲ್ಲ, ಎನ್ನುತ್ತಿದ್ದಳು. ಯಾವುದು ಇಲ್ಲ ಎಂದು ನಾನು ಕೇಳಲಿಲ್ಲ. ನಮ್ಮಲ್ಲಿ ಮೂರು ತಿಂಗಳು ತುಂಬುವ ಮೊದಲು ಯಾವ ಬಸುರಿಯೂ ಹೌದು ಎನ್ನುವುದಿಲ್ಲ. ಹಾಗಾಗಿ ಇಲ್ಲ ಎಂದರೆ ಕೇಳುವವರಿಗೆ ಹೌದು ಎಂದೇ ಕೇಳುತ್ತದೆ. ಜೋರಾಗಿ ಇಲ್ಲ ಎಂದಷ್ಟೂ ಜೋರಾಗಿ ಹೌದು. ಮತ್ತೆ ಸೀರೆ ಯಾಕೆ ಕೇಳಿದ್ದು ಎಂದು ಅವರು ಕೇಳಿದರೆ ನನ್ನ ಗುಟ್ಟು ಹೇಳಬೇಕು. ಅವಳು ಹೇಳಲಿಲ್ಲ. ಅವನಿಗೆ ಎಂತದೋ ಬೇಕಂತೆ ಎಂದಷ್ಟೇ ಹೇಳಿದಳಂತೆ, ಅದನ್ನು ಯಾರು ನಂಬುತ್ತಾರೆ.

ಅದೇ ದಿನಗಳಲ್ಲಿ ಅಮ್ಮ ಸಂಜೆ ಅತ್ತಿಗೆಗೆ ಒಂದು ಲೋಟ ಹಾಲು ಕೊಡತೊಡಗಿದರು. ಬಾವಿಯಿಂದ ಕೊಡಪಾನ ತರುವುದನ್ನು ತಾನೇ ಮಾಡತೊಡಗಿದರು. ಆಲೆಟ್ಟಿ ಅತ್ತೆ ಅಮ್ಮನಿಗೆ ಫೋನು ಮಾಡಿ, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು ಬೇಸರ ಮಾಡಿಕೊಂಡಿದ್ದರಂತೆ. ಅಮ್ಮ ಸೊಸೆಯ ಹತ್ತಿರ ಕೇಳಲಿಲ್ಲ. ಅವಳಾಗಿ ಹೇಳಲಿ ಎಂದು ಕಾಯುತ್ತಿದ್ದರು. ಆ ಹಾಲಿನ ಲೋಟ ನನಗೆ ಕಾಣುತ್ತಿತ್ತು. ನನಗೂ ಒಂದು ಲೋಟ ಕೊಡಿ ಎಂದು ತಮಾಷೆ ಮಾಡಿದ್ದೆ ಕೂಡ.

ಆಲೆಟ್ಟಿ ಅತ್ತೆಯ ಮನೆಯಲ್ಲಿ ಗಣಹೋಮ ಇತ್ತು. ದೊಡ್ಡ ಗೌಜಿ ಏನಿಲ್ಲ, ನೆಂಟರು ಮಾತ್ರ. ಅತ್ತಿಗೆ ಬರುವುದಿಲ್ಲ ಎನ್ನಬಹುದು ಎಂದುಕೊಂಡಿದ್ದೆ, ಆದರೆ ನಾನೂ ಬರುತ್ತೇನೆ, ಅತ್ತೆಯ ಹತ್ತಿರ ಒಂದು ಮಾತಾಡಲಿಕ್ಕಿದೆ ಎಂದಳು. ಅಮ್ಮನನ್ನೂ ಕೂರಿಸಿಕೊಂಡು ಅಣ್ಣ ಓಮ್ನಿ ತೆಗೆದ. ನಾವು ಇಳಿಯುತ್ತಿದ್ದ ಹಾಗೆ ಅತ್ತೆ ಅಂಗಳಕ್ಕೇ ಬಂದು ಅತ್ತಿಗೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು. ಎಲ್ಲರೂ ನೆಲದಲ್ಲಿ ಕೂತಿದ್ದರೆ ಅವಳಿಗೆ ಮಾತ್ರ ಒಂದು ಕುರ್ಚಿ. ಹೋಮದ ಹೊಗೆ ತಾಗದ ಹಾಗೆ ಕಿಟಕಿಯ ಹತ್ತಿರ. ಅವಳು ಅಡುಗೆ ಮನೆಗೆ ಹೋಗಿ ಏನೋ ಎತ್ತಲು ಬಗ್ಗಿದಳು, ಒಳಗಿಂದ ಎರಡು ಮೂರು ಹೆಂಗಸರು ಒಟ್ಟಿಗೆ ಬೇಡ ಎಂದದ್ದು ಹೊರಗೆ ನಮಗೂ ಕೇಳಿಸಿತು. ನನಗೆ ಹೊಳೆಯಲಿಲ್ಲವಾ ಎಂದು ನೀವು ಕೇಳಬಹುದು. ಇಲ್ಲ. ಅಪರೂಪಕ್ಕೆ ಬಂದಳೆಂದು ಉಪಚಾರ ಮಾಡುತ್ತಿದ್ದಾರೆ ಎಂದುಕೊಂಡೆ.

ಊಟಕ್ಕೆ ಹಂತಿ ಹಾಕಿದರು. ಚಾವಡಿಯ ಈಚೆ ಬದಿ ಹೆಂಗಸರು, ಆಚೆ ಬದಿ ಗಂಡಸರು. ಹುಡುಗರು ಬಡಿಸುವುದು. ನನ್ನ ಕೈಗೆ ಅನಾನಸಿನ ಮೆಣಸ್ಕಾಯಿಯ ಪಾತ್ರೆ ಬಂತು. ಬೆಲ್ಲ, ಹುಳಿ, ಖಾರ, ಎಳ್ಳು ಹುರಿದು ಹಾಕಿದ ಗೊಜ್ಜು ಅದು. ಅತ್ತಿಗೆಗೆ ಜೀವ. ಅವಳ ತವರಿನ ಕಡೆ ಅದಿಲ್ಲದೆ ಊಟವೇ ಇಲ್ಲ. ಹೆಂಗಸರ ಸಾಲಿನಲ್ಲಿ ಒಂದೊಂದು ಎಲೆಗೆ ಒಂದೊಂದು ಸೌಟು ಹಾಕುತ್ತ ಬಂದೆ. ಅತ್ತಿಗೆಯ ಎಲೆಗೆ ಬಗ್ಗಿದಾಗ ಆಲೆಟ್ಟಿ ಅತ್ತೆ ಬಂದು ನನ್ನ ಮಣಿಗಂಟು ಹಿಡಿದರು.

"ಅವಳಿಗೆ ಬೇಡ."

"ಅತ್ತಿಗೆಗೆ ಭಾರೀ ಇಷ್ಟ ಅತ್ತೆ ಇದು."

ಸಾಲಿನಲ್ಲಿ ನಗು ಎದ್ದಿತು. ಒಳ್ಳೆಯ ನಗುವೇ, ಪ್ರೀತಿಯದ್ದೇ. ಅತ್ತೆಯೂ ನಕ್ಕರು.

"ಈಗ ಅನಾನಸು ತಿನ್ಲಿಕ್ಕಿಲ್ಲ ಮಾರಾಯ. ಸೀರೆ ಕೇಳ್ಲಿಕ್ಕೆ ಮಾತ್ರ ಗೊತ್ತು ಇವನಿಗೆ."

ಬಸುರಿಗೆ ಅನಾನಸು ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು. ಸೌಟು ಕೈಯಲ್ಲಿ ಹಾಗೇ ನಿಂತಿತ್ತು. ಕುರ್ಚಿ, ಮೆಟ್ಟಿಲು, ಹಾಲಿನ ಲೋಟ, ಕಡಬದ ಆ ಬೇರು, ಹೂವಿನ ಚಿತ್ರ, ಚೇಚಿಯ ಮುಂಡು, ಎಲ್ಲ ಒಂದೇ ಎಳೆಯಲ್ಲಿ ಎಳೆದ ಹಾಗೆ ಬಂದು ನನ್ನ ಎದುರು ಬಿದ್ದವು. ಅತ್ತಿಗೆ ತಲೆ ಎತ್ತಲಿಲ್ಲ. ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬೆರಳಲ್ಲಿ ಒಟ್ಟು ಮಾಡುತ್ತಿದ್ದಳು.

ನಾನು ಏನು ಮಾಡಿದೆ? ಮುಂದಿನ ಎಲೆಗೆ ಹೋದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವಳ ಎಲೆ ದಾಟಿ ಪಕ್ಕದವರಿಗೆ ಬಡಿಸಿದೆ, ಅವರ ಪಕ್ಕದವರಿಗೆ ಬಡಿಸಿದೆ, ಹೆಂಗಸರ ಸಾಲು ಮುಗಿಸಿ ಗಂಡಸರ ಸಾಲಿಗೆ ತಿರುಗಿದೆ. ಭಾವನ ಎಲೆಯ ಮುಂದೆ ಬಂದಾಗ ಅವನು ನನ್ನ ಕಡೆ ಕಣ್ಣು ಹೊಡೆದು, ಚಿಕ್ಕಪ್ಪ ಆಗುವವನು ಇನ್ನು ಸ್ವಲ್ಪ ಗಂಭೀರ ಆಗಬೇಕು ಎಂದ. ಅವನ ಪಕ್ಕದಲ್ಲಿ ಅಣ್ಣ ಕೂತಿದ್ದ. ಅಣ್ಣ ಅನ್ನವನ್ನು ಕಲಸುತ್ತಲೇ ಇದ್ದ, ಬಾಯಿಗೆ ಹಾಕುತ್ತಿರಲಿಲ್ಲ.

ಪಾತ್ರೆ ಹಿಡಿದುಕೊಂಡೇ ವಾಪಸು ಚಾವಡಿಯ ನಡುವೆ ಬಂದೆ. ಧೈರ್ಯ ಬಂತು ಎಂದು ಅವತ್ತು ಅಂದುಕೊಂಡಿದ್ದೆ. ಈಗ ಅದಕ್ಕೆ ಏನು ಹೆಸರು ಕೊಡಬೇಕೋ ತಿಳಿಯುವುದಿಲ್ಲ.

"ಅತ್ತೆ, ಸೀರೆ ಕೇಳಿದ್ದು ನನಗೆ. ನಾನು ಕ್ರೋಶಾ ಹಾಕ್ತೇನೆ."

"ಎಂತ ಹಾಕ್ತಿ?"

"ಕ್ರೋಶಾ. ಸೀರೆ ಹರಿದು ನೂಲು ಮಾಡಿ, ಕಡ್ಡಿಯಲ್ಲಿ ಚಾಪೆ. ಮತ್ತೆ ಎಂತ ಇಲ್ಲ. ಅತ್ತಿಗೆಗೆ ಹಾಗೆಂತ ಇಲ್ಲ."

ಮೊದಲು ನಕ್ಕದ್ದು ಭಾವ. ಹಾಗಾದರೆ ನನಗೆ ಒಂದು ಸ್ವೆಟರ್ ಆಗಲಿ ಎಂದ. ಗಂಡಸರ ಸಾಲು ಪೂರ್ತಿ ನಕ್ಕಿತು. ನಾನು ಇಷ್ಟು ದಿನ ಹೆದರಿದ್ದ ನಗು ಅದೇ, ಬಂದು ಹೋಯಿತು, ನನಗೆ ಏನೂ ಆಗಲಿಲ್ಲ. ಆದರೆ ನಗು ಅರ್ಧದಲ್ಲಿ ನಿಂತಿತು. ನನ್ನ ಕೊನೆಯ ಮಾತು ಏನೆಂದು ಒಬ್ಬೊಬ್ಬರಿಗೂ ತಡವಾಗಿ ತಲೆಗೆ ಹೋಗುವುದು ಮುಖದಲ್ಲೇ ಕಾಣುತ್ತಿತ್ತು. ಆಲೆಟ್ಟಿ ಅತ್ತೆ ಸೆರಗಿನಲ್ಲಿ ಸುಮ್ಮನೆ ಕೈ ಒರೆಸಿದರು. ಎಲ್ಲರೂ ಅತ್ತಿಗೆಯ ಕಡೆ ನೋಡಿದರು, ನೋಡಬಾರದೆಂದು ತಮ್ಮ ತಮ್ಮ ಎಲೆ ನೋಡಿದರು.

ಅತ್ತಿಗೆ ಆಗ ತಲೆ ಎತ್ತಿದಳು. "ಇನ್ನಾದ್ರೂ ಬಡಿಸು ಮಾರಾಯ. ಅನ್ನ ಆರ್ತಾ ಉಂಟು."

ಬಗ್ಗಿ ಒಂದು ಸೌಟು ಹಾಕಿದೆ. ಒಂದು ಸೌಟು ಗೊಜ್ಜು ಎಲೆಗೆ ಬೀಳುವುದನ್ನು ಅಷ್ಟು ಜನ ನೋಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಸ್ವಲ್ಪ ಎಲೆಯ ಹೊರಗೆ ಚೆಲ್ಲಿತು. ಅವಳು ಒಂದು ಹೋಳು ಬಾಯಿಗೆ ಹಾಕಿ, ಜಗಿದು, ನುಂಗಿ, ಇನ್ನು ಸ್ವಲ್ಪ ಹಾಕು ಎಂದಳು. ಹಾಕಿದೆ. ಪೂರ್ತಿ ತಿಂದಳು.

ವಾಪಸು ಬರುವಾಗ ಓಮ್ನಿ ಸುಳ್ಯ ದಾಟಿತು. ಆಮೇಲೆ ನಾನೇ ತಪ್ಪಾಯಿತು ಅತ್ತಿಗೆ ಎಂದೆ. ಈಗ ಎಲ್ಲರಿಗೂ ಗೊತ್ತಾಯಿತಲ್ಲ, ಇನ್ನು ಯಾರೂ ನಿಮಗೆ ತೊಂದರೆ ಕೊಡುವುದಿಲ್ಲ ಎಂದೆ. ಅದನ್ನು ಹೇಳುವಾಗಲೂ ನನ್ನ ಮನಸ್ಸಿನಲ್ಲಿ ಒಂದು ಮೂಲೆಯಲ್ಲಿ, ನಾನು ಗುಟ್ಟು ಬಿಟ್ಟುಕೊಟ್ಟೆನಲ್ಲ, ಅವಳಿಗೋಸ್ಕರ, ಎಂಬುದು ಇತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ನಾನೇ ಹೇಳ್ತಿದ್ದೆ. ಊಟ ಆದ ಮೇಲೆ, ಒಳಗೆ ಕರೆದು, ಆಲೆಟ್ಟಿ ಅತ್ತೆಗೆ ಒಬ್ಬರಿಗೆ. ಅವರು ಮೆಲ್ಲ ಉಳಿದವರಿಗೆ ಹೇಳ್ತಿದ್ದರು. ನನ್ನ ವಿಷಯ ಅದು, ನಿಂದಲ್ಲ."

ಸಿಟ್ಟಿನಲ್ಲಿ ಹೇಳಲಿಲ್ಲ. ಸೀರೆ ಕೇಳುವಾಗ ಹೇಳಬೇಕಾದದ್ದನ್ನು ಹೇಳಲಿಲ್ಲ, ಹಂತಿಯ ನಡುವೆ ಹೇಳಬಾರದ್ದನ್ನು ಹೇಳಿದೆ. ಎರಡು ಸಲವೂ ನಾನು ಯೋಚಿಸಿದ್ದು ನನ್ನನ್ನೇ. ಅಣ್ಣ ಗೇರು ಬದಲಿಸಿದ. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಬಂದಿರಲಿಲ್ಲ.

ಅವತ್ತು ಸಂಜೆ ಅಮ್ಮ ಹಾಲು ಕಾಯಿಸುವುದನ್ನು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಲೋಟಕ್ಕೆ ಬಗ್ಗಿಸುವಾಗ ಒಂದು ಗಳಿಗೆ ನಿಂತರು. ಆಮೇಲೆ ಎಂದಿನಷ್ಟೇ ಬಗ್ಗಿಸಿ ಅತ್ತಿಗೆಯ ಮುಂದೆ ಇಟ್ಟರು. ಅತ್ತಿಗೆ ಕುಡಿದಳು. ಮರುದಿನವೂ ಕೊಟ್ಟರು. ಈಗಲೂ ಕೊಡುತ್ತಾರೆ. ಕೊಡಪಾನವನ್ನೂ ಅವಳಿಗೆ ಬಿಟ್ಟುಕೊಡಲಿಲ್ಲ. ನಿಲ್ಲಿಸಿದರೆ ಏನೋ ಹೇಳಿದ ಹಾಗಾಗುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು. ಟೈಪಿಂಗ್ ಕಲಿತ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ನಾನು ಕಡ್ಡಿ ಮುಟ್ಟಲಿಲ್ಲ. ಹರಿದದ್ದು, ಹರಿಯದ್ದು, ಎಲ್ಲ ಸೀರೆಗಳನ್ನು ಗೋಣಿಯಲ್ಲಿ ತುಂಬಿ ಮಂಚದ ಅಡಿಗೆ ತಳ್ಳಿದೆ. ಹರಿಯದ್ದನ್ನು ವಾಪಸು ಕಳಿಸುವ ಎಂದರೆ ಕಡಬದ ಚಿಕ್ಕಮ್ಮ, ಇರಲಿ, ಒಂದಲ್ಲ ಒಂದು ದಿನ ಬೇಕಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿ ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ಮಾತನ್ನು ಅತ್ತಿಗೆ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಕೇಳಿಸಿಕೊಂಡಳು. ಅವತ್ತಿನಿಂದ ಬಸ್ಸಿನ ಕಂಡಕ್ಟರ್ ಕಾಣಿಸಿದರೂ ನಾನು ಅಂಗಡಿಯ ಒಳಗೆ ಸರಿಯುತ್ತಿದ್ದೆ.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಅತ್ತಿಗೆಯೇ ಉಪ್ಪರಿಗೆಗೆ ಬಂದು ಗೋಣಿಯನ್ನು ಎಳೆದು ಕೋಣೆಯ ನಡುವೆ ಸುರಿದಳು. ಹತ್ತಿ, ಹರಿದಿಟ್ಟ ಪಟ್ಟೆಯ ಎಳೆ, ಚೇಚಿಯ ಬಿಳಿ ಮುಂಡು, ಎಲ್ಲ. ಹರಿಯುವ ಬಾ ಎಂದಳು. ಬೇಡ ಎಂದೆ. ಹತ್ತಿಯದ್ದನ್ನಾದರೂ ಇಡುವ ಎಂದೆ.

"ಇಟ್ಟರೆ ನನಗೆ ದಿನಾ ಕಾಣ್ತದೆ. ಹರಿ."

ಹರಿದೆವು. ಹತ್ತಿಗೆ ಪಟ್ಟೆಯ ಸದ್ದಿಲ್ಲ, ಮಂದ ಸದ್ದು. ಚೇಚಿಯ ಮುಂಡನ್ನು ಹರಿಯುವ ಮೊದಲು ಅವಳು ಒಮ್ಮೆ ಕೆನ್ನೆಗೆ ಒತ್ತಿಕೊಂಡಳು, ಆಮೇಲೆ ತಾನೇ ಕಚ್ಚು ಹಾಕಿದಳು. ನಾನು ಆ ಕಡೆ ನೋಡದೆ ಉಂಡೆ ಸುತ್ತುತ್ತ ಕೂತೆ. ಎಲ್ಲ ಮುಗಿಯುವ ಹೊತ್ತಿಗೆ ನಮ್ಮಿಬ್ಬರ ಮೈ ತುಂಬ ಎಳೆ.

ಇಷ್ಟು ದಿನ ಎತ್ತಿಟ್ಟಿದ್ದ ಆ ಬೇರನ್ನು ಅವಳು ಆಗ ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮುಂದೆ ಇಟ್ಟಳು.

"ಇದೆಂತ ಗೊತ್ತುಂಟಾ? ಬಜೆ. ತೇಯ್ದು ಮಗುವಿನ ನಾಲಿಗೆಗೆ ಹಚ್ಚುದು. ಮಾತು ಸರಿಯಾಗಿ ಬರ್ಲಿ ಅಂತ."

ಎದ್ದು ಹೋಗಿ ಅಮ್ಮನ ಗಂಧದ ಕಲ್ಲು ತಂದಳು. ಎರಡು ಹನಿ ನೀರು ಹಾಕಿ ಬಜೆಯನ್ನು ತೇಯ್ದಳು. ಮಣ್ಣಿನ ಬಣ್ಣದ ನೀರು ಕಲ್ಲಿನ ಮೇಲೆ ಸ್ವಲ್ಪ ನಿಂತಿತು. ಅದನ್ನು ಬೆರಳ ತುದಿಗೆ ತೆಗೆದುಕೊಂಡು ಬಾಯಿ ತೆಗಿ ಎಂದಳು. ತಮಾಷೆ ಎಂದುಕೊಂಡು ಅವಳ ಮುಖ ನೋಡಿದೆ. ಸ್ವಲ್ಪ ತಮಾಷೆ ಇತ್ತು. ಪೂರ್ತಿ ಇರಲಿಲ್ಲ.

ನಾಲಿಗೆ ಚಾಚಿದೆ.

ಬಜೆಯಷ್ಟು ಕಹಿ ನಾನು ಬೇರೆ ತಿಂದಿಲ್ಲ. ಮೊದಲು ಉರಿ, ಆಮೇಲೆ ಕಹಿ, ಆಮೇಲೆ ನಾಲಿಗೆ ಇದೆಯೋ ಇಲ್ಲವೋ ಎಂಬ ಹಾಗೆ ಮರಗಟ್ಟುವುದು. ಕಣ್ಣಲ್ಲಿ ನೀರು ಬಂತು, ಅದು ಕಹಿಗೆ ಎಂದು ಇಬ್ಬರೂ ಒಪ್ಪಿಕೊಂಡೆವು. ನೀರು ಕುಡಿಯಲು ಬಿಡಲಿಲ್ಲ. ಸ್ವಲ್ಪ ಹೊತ್ತು ಇರಲಿ ಎಂದಳು. ಉಳಿದ ತುಂಡನ್ನು ಕಿಟಕಿಯಿಂದ ಹೊರಗೆ ಎಸೆದಳು.

ಚಾಪೆ ಮುಗಿದದ್ದು ತುಂಬ ದಿನದ ಮೇಲೆ. ಚಾವಡಿಯಲ್ಲಿ ಕೂತೇ ಹೆಣೆದೆ, ಬಾಗಿಲು ಹಾಕದೆ. ನಡುವೆ ಊರು ಗೊತ್ತಿಲ್ಲದ ಹೆಂಗಸರ ಬಣ್ಣಗಳು, ಆಮೇಲೆ ಅತ್ತೆಯ ನೇರಳೆ, ಹೊರಗಿನ ಸುತ್ತುಗಳಲ್ಲಿ ಹತ್ತಿ, ಅಂಚಿಗೆ ಚೇಚಿಯ ಬಿಳಿ. ಒಂದು ಬದಿ ಸ್ವಲ್ಪ ಎದ್ದಿದೆ. ಅಲ್ಲಿ ಕುಣಿಕೆ ಹೆಚ್ಚಿಸಲು ಮರೆತಿದ್ದೆ, ಬಿಚ್ಚಲು ಹೋಗಲಿಲ್ಲ. ಗುಂಪಿಗೆ ಹಾಕಲು ಫೋಟೊ ತೆಗೆದು, ಅದರ ಅಡಿಯಲ್ಲಿ ಕ್ಷಮೆ ಕೇಳಿ ದೊಡ್ಡದಾಗಿ ಬರೆದೆ. ಈ ಸಲ ಕಳಿಸುವ ಮೊದಲು ಅತ್ತಿಗೆಗೆ ಕೊಟ್ಟೆ. ಅವಳು ಓದಿದಳು. ತನ್ನ ವಿಷಯ ಇದ್ದ ಸಾಲುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು. ಕೊನೆಗೆ ಉಳಿದದ್ದು, "ಕೊಟ್ಟ ಸೀರೆಗಳಿಂದ ನಾನು ಕ್ರೋಶಾದಲ್ಲಿ ಈ ಚಾಪೆ ಮಾಡಿದೆ. ಎಲ್ಲರೂ ಬಂದು ಕೂತುಕೊಳ್ಳಿ" ಎಂಬಷ್ಟೇ.

ಇಷ್ಟೇ ಬರೆಯಬೇಕಿತ್ತು, ಮೊದಲ ದಿನವೇ. ಕಳಿಸು ಎಂದು ಮೊಬೈಲ್ ವಾಪಸು ಕೊಟ್ಟು ಅವಳು ಕೊಡಪಾನ ತೆಗೆದುಕೊಂಡು ಬಾವಿಗೆ ಹೋದಳು. ಅಮ್ಮ ತಡೆಯಲಿಲ್ಲ.